ಕಪ್ಪೆಯ ಚರ್ಮಕ್ಕೆ ಬಂದ ಕೊಳೆರೋಗ

ಅಡಿಕೆ ತೋಟವಿರುವ ಮನೆಯಲ್ಲಿ ಬೆಳೆದವರಿಗೆ ಕೊಳೆರೋಗ ಎಂದರೇನೆಂದು ವಿವರಿಸಬೇಕಾಗಿಲ್ಲ. ಮಳೆ ಹಿಡಿಯುವ ಮೊದಲು ಬೋರ್ಡೋ ಹೊಡೆಸುವ ಗಡಿಬಿಡಿ, ಸಿಗದ ಕೊನೆಗಾರನನ್ನು ಹುಡುಕಿಕೊಂಡು ಊರೂರು ಅಲೆಯುವ ಅಪ್ಪ, ಇಷ್ಟೆಲ್ಲ ಮಾಡಿದ ಮೇಲೂ ಮರದ ಬುಡದಲ್ಲಿ ಉದುರಿ ಬಿದ್ದ ಹಸಿರು ಕಾಯಿ. ಆ ರೋಗ ತರುವ ಜೀವಿ ಕಣ್ಣಿಗೆ ಕಾಣದಷ್ಟು ಸಣ್ಣದು. ಅದರ ಬೀಜಕಣಗಳಿಗೆ ಬಾಲವಿದೆ, ಅವು ನೀರಿನಲ್ಲಿ ಈಜುತ್ತವೆ. ಅದಕ್ಕೆ ಬೇಕಾದದ್ದು ತಂಪು ಮತ್ತು ತೇವ, ಎರಡೇ.

ಸಾಗರದ ಕಡೆಯವನಾದ ನಾನು ಪುಣೆಗೆ ಬಂದು ಇಪ್ಪತ್ತು ವರ್ಷ ದಾಟಿತು. ಮಳೆಗಾಲದಲ್ಲಿ ಇಲ್ಲಿಯ ಗೆಳೆಯರ ಜೊತೆ ತಾಮ್ಹಿಣಿ, ಭೀಮಾಶಂಕರ, ಅಂಬೋಲಿ ಎಂದು ಘಟ್ಟ ಸುತ್ತುವುದು, ರಾತ್ರಿ ಟಾರ್ಚ್ ಹಿಡಿದು ಕಪ್ಪೆ ನೋಡುವುದು ಒಂದು ಚಟವಾಗಿದೆ. ಹಾಗೆ ಸುತ್ತುತ್ತಾ ಕಪ್ಪೆಗಳ ಬಗ್ಗೆ ಓದತೊಡಗಿದಾಗ ಎದುರಾದದ್ದು ಈ ಕಥೆ: ಕಳೆದ ಐವತ್ತು ವರ್ಷಗಳಲ್ಲಿ ಒಂದು ಶಿಲೀಂಧ್ರ ಜಗತ್ತಿನಾದ್ಯಂತ ಕಾಡುಕಪ್ಪೆಗಳನ್ನು ಊರಿಗೆ ಊರೇ ಗುಡಿಸಿ ಹಾಕಿದೆ. ಓದುತ್ತಿದ್ದಂತೆ ನನಗೆ ನೆನಪಾದದ್ದು ನಮ್ಮ ಕೊಳೆರೋಗವೇ. ಇದರ ಬೀಜಕಣಕ್ಕೂ ಬಾಲವಿದೆ, ಇದಕ್ಕೂ ತಂಪು, ತೇವ ಬೇಕು. (ಈಗಿನ ವಿಜ್ಞಾನದ ಲೆಕ್ಕದಲ್ಲಿ ಅಡಿಕೆಯ ಕೊಳೆ ತರುವ ಜೀವಿ ನಿಜವಾದ ಶಿಲೀಂಧ್ರವಲ್ಲ, ಕಪ್ಪೆಯದ್ದು ಶಿಲೀಂಧ್ರವೇ. ಕುಲ ಬೇರೆ, ಬುದ್ಧಿ ಮಾತ್ರ ಅಣ್ಣತಮ್ಮಂದಿರದ್ದು.) ಆದರೆ ಅಡಿಕೆ ಗೊನೆಗೆ ಕೊಟ್ಟೆ ಕಟ್ಟಬಹುದು. ಕಾಡಿನ ಕಪ್ಪೆಗೆ ಯಾರು ಕಟ್ಟುವುದು?

ಮೊದಲ ಸುಳಿವು ಸಿಕ್ಕ ಜಾಗಗಳಲ್ಲಿ ಮಧ್ಯ ಅಮೆರಿಕದ ಕೋಸ್ಟರಿಕಾ ಒಂದು. ಅಲ್ಲಿಯ ಮಾಂಟೆವೆರ್ಡೆ ಎಂಬ ಮಂಜಿನ ಕಾಡಿನಲ್ಲಿ ಬಂಗಾರದ ಬಣ್ಣದ ನೆಲಗಪ್ಪೆಯೊಂದಿತ್ತು. ಗಂಡುಗಳು ಕಿತ್ತಳೆ ಹಣ್ಣಿನಷ್ಟು ಹೊಳಪು. ವರ್ಷದಲ್ಲಿ ಕೆಲವೇ ದಿನ, ಮಳೆಯ ಮೊದಲ ನೀರು ನಿಂತ ಗುಂಡಿಗಳಲ್ಲಿ ಅವು ಸೇರುತ್ತಿದ್ದವು. 1987ರಲ್ಲಿ ಮಾರ್ಥಾ ಕ್ರಂಪ್ ಎಂಬ ವಿಜ್ಞಾನಿ ಅಲ್ಲಿ ಸಾವಿರದ ಐನೂರಕ್ಕೂ ಹೆಚ್ಚು ಕಪ್ಪೆಗಳನ್ನು ಕಂಡರು. ಮರುವರ್ಷ ಬೆರಳೆಣಿಕೆಯಷ್ಟು. 1989ರ ಮೇ ತಿಂಗಳಲ್ಲಿ ಒಂದೇ ಒಂದು ಗಂಡು. ಅಲ್ಲಿಗೆ ಮುಗಿಯಿತು, ಮತ್ತೆ ಯಾರೂ ಆ ಕಪ್ಪೆಯನ್ನು ನೋಡಿಲ್ಲ. ಆ ವರ್ಷಗಳಲ್ಲಿ ಅಲ್ಲಿ ಬರವೂ ಇತ್ತು. ಬರ ಎಷ್ಟು ಕೊಂದಿತು, ರೋಗ ಎಷ್ಟು ಕೊಂದಿತು ಎಂಬ ವಾದ ಇಂದಿಗೂ ನಡೆದಿದೆ. ಆದರೆ ಆ ಕಾಲದಲ್ಲಿ ಅದೇ ಕಾಡಿನಿಂದ ಹಿಡಿದು ಸಂಗ್ರಹಾಲಯದಲ್ಲಿಟ್ಟಿದ್ದ ಬೇರೆ ಕಪ್ಪೆಗಳ ಚರ್ಮವನ್ನು ಮುಂದೆ ಪರೀಕ್ಷಿಸಿದಾಗ ಶಿಲೀಂಧ್ರದ ಗುರುತು ಸಿಕ್ಕಿತು.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಅದಕ್ಕೂ ಮೊದಲೇ ಹೊಳೆಗಳು ಮೌನವಾಗತೊಡಗಿದ್ದವು. ಅಲ್ಲೊಂದು ವಿಚಿತ್ರ ಕಪ್ಪೆ ಇತ್ತು. ಹೆಣ್ಣು ತನ್ನ ಮೊಟ್ಟೆಗಳನ್ನೇ ನುಂಗಿ, ಜಠರದ ಆಮ್ಲ ಒಸರುವುದನ್ನು ನಿಲ್ಲಿಸಿ, ಸುಮಾರು ಆರೇಳು ವಾರ ಹೊಟ್ಟೆಯಲ್ಲೇ ಮರಿ ಬೆಳೆಸಿ ಬಾಯಿಂದ ಹೆರುತ್ತಿತ್ತು. 1973ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಈ ಜೀವಿ ಎಂಬತ್ತರ ದಶಕದ ಆರಂಭಕ್ಕೆ ಕಾಡಿನಿಂದ ಮಾಯ. ಅದರ ಇನ್ನೊಂದು ದಾಯಾದಿ ಪ್ರಭೇದ 1984ರಲ್ಲಿ ಪತ್ತೆಯಾಗಿ 1985ರಲ್ಲೇ ಕಾಣದಾಯಿತು. ನಮ್ಮಲ್ಲಿ ಊಟವಾದ ಮೇಲೆ ಆ್ಯಸಿಡಿಟಿ ಗುಳಿಗೆ ನುಂಗುವವರು ಎಷ್ಟು ಜನ! ಬೇಕೆಂದಾಗ ಆಮ್ಲವನ್ನು ನಿಲ್ಲಿಸುವ ವಿದ್ಯೆ ಗೊತ್ತಿದ್ದ ಪ್ರಾಣಿ ಅದನ್ನು ನಮಗೆ ಹೇಳಿಕೊಡುವ ಮೊದಲೇ ಹೊರಟುಹೋಯಿತು.

1989ರಲ್ಲಿ ಇಂಗ್ಲೆಂಡಿನ ಕ್ಯಾಂಟರ್‌ಬರಿಯಲ್ಲಿ ಉಭಯಚರ, ಸರೀಸೃಪ ತಜ್ಞರ ಮೊದಲ ವಿಶ್ವ ಸಮ್ಮೇಳನ ನಡೆದಾಗ ಬೇರೆ ಬೇರೆ ದೇಶದವರು ತಂತಮ್ಮ ಹೊಳೆಗಳ ಖಾಲಿತನದ ಕಥೆ ಹೇಳಿಕೊಂಡರು. ಆದರೂ ರೋಗವೆಂದು ಖಚಿತವಾಗಲು ಇನ್ನೂ ಹತ್ತು ವರ್ಷ ಬೇಕಾಯಿತು. ಕಪ್ಪೆಗಳನ್ನು ತಕ್ಕಡಿಗೆ ಹಾಕಿ ತೂಗಿದಂತೆ ಎಂಬ ಮಾತು ನಮ್ಮಲ್ಲಿದೆ. ಒಂದನ್ನು ಹಾಕುವಷ್ಟರಲ್ಲಿ ಇನ್ನೊಂದು ಜಿಗಿದಿರುತ್ತದೆ. ಕಾಡುಕಪ್ಪೆಯ ಲೆಕ್ಕ ಹಿಡಿಯುವವರ ಪಾಡೂ ಅದೇ. ಒಂದು ವರ್ಷ ಸಾವಿರ, ಒಂದು ವರ್ಷ ನೂರು ಎನ್ನುವುದು ಅವುಗಳ ಬದುಕಿನಲ್ಲಿ ಸಹಜ. ಸಹಜ ಇಳಿತ ಯಾವುದು, ಸಾವು ಯಾವುದು ಎಂದು ಬೇರ್ಪಡಿಸುವುದು ಹೇಗೆ?

ಕೊನೆಗೆ ಗುಟ್ಟು ಒಡೆದದ್ದು ಎರಡು ಕಡೆಯಿಂದ. 1998ರಲ್ಲಿ ಆಸ್ಟ್ರೇಲಿಯಾದ ಲೀ ಬರ್ಗರ್ ಮತ್ತು ಸಂಗಡಿಗರು ತಮ್ಮ ದೇಶದಲ್ಲಿಯೂ ಮಧ್ಯ ಅಮೆರಿಕದಲ್ಲಿಯೂ ಸತ್ತ ಕಪ್ಪೆಗಳ ಚರ್ಮದಲ್ಲಿ ಒಂದೇ ಬಗೆಯ ಶಿಲೀಂಧ್ರವಿರುವುದನ್ನು ತೋರಿಸಿದರು. ಅದೇ ಹೊತ್ತಿಗೆ ವಾಷಿಂಗ್ಟನ್ನಿನ ರಾಷ್ಟ್ರೀಯ ಮೃಗಾಲಯದಲ್ಲಿ ನೀಲಿ ಬಣ್ಣದ ವಿಷಗಪ್ಪೆಗಳು ಸಾಯುತ್ತಿದ್ದವು. ಅಲ್ಲಿಯ ರೋಗತಜ್ಞರಿಗೆ ಕಂಡ ಜೀವಿಯ ಗುರುತು ಹತ್ತದೆ, ಮೇನ್ ವಿಶ್ವವಿದ್ಯಾಲಯದ ಜಾಯ್ಸ್ ಲಾಂಗ್‌ಕೋರ್ ಅವರನ್ನು ಹುಡುಕಿಕೊಂಡು ಹೋದರು. ಕೈಟ್ರಿಡ್ ಎಂಬ, ಹೆಚ್ಚು ಜನ ತಿರುಗಿಯೂ ನೋಡದ ನೀರುಶಿಲೀಂಧ್ರಗಳ ಅಧ್ಯಯನವೇ ಅವರ ಕಾಯಕ. ಕೊಳೆತ ಎಲೆ, ಪರಾಗ ತಿಂದುಕೊಂಡಿರುವ ಈ ಕುಲದ ಜೀವಿಯೊಂದು ಬೆನ್ನುಮೂಳೆಯ ಪ್ರಾಣಿಯ ಮೇಲೆ ಎರಗಿದ್ದು ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. 1999ರಲ್ಲಿ ಅದಕ್ಕೆ ಬ್ಯಾಟ್ರಕೊಕೈಟ್ರಿಯಮ್ ಡೆಂಡ್ರೊಬ್ಯಾಟಿಡಿಸ್ ಎಂಬ ನಾಲಿಗೆ ಹೊರಳದ ಹೆಸರಿಟ್ಟರು. ಎಲ್ಲರೂ ಚುಟುಕಾಗಿ ಬಿಡಿ ಎನ್ನುತ್ತಾರೆ. ನಾನು ಇಲ್ಲಿ ಕೈಟ್ರಿಡ್ ಎಂದೇ ಕರೆಯುತ್ತೇನೆ.

ಅದು ಕೊಲ್ಲುವ ಬಗೆ ತಿಳಿಯಬೇಕಾದರೆ ಕಪ್ಪೆಯ ಚರ್ಮ ಎಂದರೇನೆಂದು ತಿಳಿಯಬೇಕು. ನಮಗೆ ಚರ್ಮ ಹೊದಿಕೆ. ಕಪ್ಪೆಗೆ ಅದು ಬಾಯಿಯೂ ಹೌದು, ಮೂಗೂ ಹೌದು. ಕಪ್ಪೆ ನೀರನ್ನು ಬಾಯಿಂದ ಕುಡಿಯುವುದಿಲ್ಲ, ಚರ್ಮದಿಂದ ಹೀರುತ್ತದೆ. ಉಸಿರಿನಲ್ಲೂ ದೊಡ್ಡ ಪಾಲು ಚರ್ಮದ್ದೇ. ರಕ್ತಕ್ಕೆ ಬೇಕಾದ ಸೋಡಿಯಂ, ಪೊಟ್ಯಾಸಿಯಂ ಲವಣಗಳ ಕೊಡುಕೊಳ್ಳುವಿಕೆಯೂ ಅಲ್ಲಿಯೇ. ಕೈಟ್ರಿಡ್ ಈ ಚರ್ಮದ ಮೇಲ್ಪದರದ ಕೆರಾಟಿನ್ ಇರುವ ಕೋಶಗಳಲ್ಲಿ ಮನೆ ಮಾಡುತ್ತದೆ. ಅಲ್ಲೇ ಬಲಿತು, ಹೊಸ ಬೀಜಕಣಗಳನ್ನು ನೀರಿಗೆ ಬಿಡುತ್ತದೆ. ಚರ್ಮ ದಪ್ಪಗಾಗುತ್ತದೆ, ಸುಲಿಯುತ್ತದೆ, ಲವಣದ ವ್ಯವಹಾರ ಕೆಡುತ್ತದೆ. ಮನೆಯಲ್ಲಿ ವಯಸ್ಸಾದವರಿಗೆ ಸೋಡಿಯಂ ಇಳಿದು ಆಸ್ಪತ್ರೆಗೆ ಓಡಿದ ಅನುಭವ ಇದ್ದವರಿಗೆ ಮುಂದಿನದು ಊಹೆಗೆ ಸಿಗುತ್ತದೆ. ಕಪ್ಪೆ ಮಂಕಾಗಿ, ಕಾಲು ಚೆಲ್ಲಿ ಕೂರುತ್ತದೆ, ಹತ್ತಿರ ಹೋದರೂ ಜಿಗಿಯುವುದಿಲ್ಲ. ಕೊನೆಗೆ ಹೃದಯ ನಿಲ್ಲುತ್ತದೆ. 2009ರಲ್ಲಿ ಜೇಮಿ ವಾಯ್ಲ್ಸ್ ಮತ್ತು ಸಂಗಡಿಗರು ಇದನ್ನು ಹಂತಹಂತವಾಗಿ ತೋರಿಸಿಕೊಟ್ಟರು.

ಗೊದಮೊಟ್ಟೆಗಳ ವಿಷಯ ಇನ್ನೂ ಸಂಕಟದ್ದು. ಅವುಗಳ ಮೈಯಲ್ಲಿ ಕೆರಾಟಿನ್ ಇರುವುದು ಬಾಯಿಯ ಸುತ್ತ ಮಾತ್ರ. ಹಾಗಾಗಿ ಶಿಲೀಂಧ್ರ ಅಂಟಿದರೂ ಅವು ಸಾಮಾನ್ಯವಾಗಿ ಸಾಯುವುದಿಲ್ಲ, ಹೊತ್ತುಕೊಂಡು ಓಡಾಡುತ್ತವೆ. ಬಾಲ ಕರಗಿ, ಕಾಲು ಮೂಡಿ, ಮೈತುಂಬ ಹೊಸ ಚರ್ಮ ಬಂದು ಇನ್ನೇನು ದಡ ಹತ್ತಬೇಕು ಎನ್ನುವಾಗ ರೋಗ ಇಡೀ ಮೈಗೆ ಹರಡುತ್ತದೆ.

ಪನಾಮಾ ದೇಶದಲ್ಲಿ ಈ ಮಾರಿ ಬರುವುದನ್ನು ಮೊದಲೇ ಕಂಡವರು ಕ್ಯಾರೆನ್ ಲಿಪ್ಸ್. ಪಶ್ಚಿಮದ ಬೆಟ್ಟಗಳಿಂದ ಪೂರ್ವಕ್ಕೆ ಸಾವು ಅಲೆಯಂತೆ ಸರಿಯುತ್ತಿರುವುದು ಅವರ ಲೆಕ್ಕಕ್ಕೆ ಸಿಕ್ಕಿತ್ತು. ಅದು ಇನ್ನೂ ತಲುಪಿರದ ಎಲ್ ಕೊಪೆ ಎಂಬಲ್ಲಿ ಅವರ ತಂಡ ಕಾದು ಕುಳಿತು ಕಪ್ಪೆಗಳನ್ನು ಎಣಿಸುತ್ತಾ ಹೋಯಿತು. 2004ರಲ್ಲಿ ರೋಗ ಬಂತು. ಕೆಲವೇ ತಿಂಗಳಲ್ಲಿ ಹೊಳೆದಂಡೆಯಲ್ಲಿ ಸತ್ತ ಕಪ್ಪೆಗಳನ್ನು ಹೆಕ್ಕುವುದೇ ಕೆಲಸವಾಯಿತು. ಅಲ್ಲಿ ದಾಖಲಾಗಿದ್ದ 63 ಪ್ರಭೇದಗಳಲ್ಲಿ 25 ಆ ಜಾಗದಿಂದ ಕಾಣೆಯಾದವು. ಮುಂದಿನ ಸರದಿ ಎಲ್ ವಾಯೆ ಕಣಿವೆಯದ್ದು. ಅದು ಪನಾಮಾದ ಬಂಗಾರದ ಕಪ್ಪೆಯ ತವರು. ಆ ದೇಶಕ್ಕೆ ಆ ಕಪ್ಪೆ ಅದೃಷ್ಟದ ಸಂಕೇತ, ಲಾಟರಿ ಟಿಕೆಟ್ಟಿನ ಮೇಲೂ ಅದರ ಚಿತ್ರ. 2006ರಲ್ಲಿ ರೋಗ ಹತ್ತಿರ ಬಂದಾಗ ಅಲ್ಲಿಯ ಸಂರಕ್ಷಣಾಲಯದ ಕಟ್ಟಡ ಇನ್ನೂ ಮುಗಿದಿರಲಿಲ್ಲ. ಬೇರೆ ದಾರಿ ಕಾಣದೆ ಕಪ್ಪೆಗಳನ್ನು ಹಿಡಿದು ತಂದು ಊರಿನ ಒಂದು ಹೋಟೆಲಿನ ರೂಮುಗಳಲ್ಲಿ ಇಳಿಸಿದರು. ಇಂದು ಆ ಬಂಗಾರದ ಕಪ್ಪೆ ಉಳಿದಿರುವುದು ಗಾಜಿನ ಪೆಟ್ಟಿಗೆಗಳಲ್ಲಿ.

ಆ ಕಪ್ಪೆಗೊಂದು ಅಭ್ಯಾಸವಿದೆ. ಭೋರ್ಗರೆವ ಹೊಳೆಯ ಸದ್ದಿನಲ್ಲಿ ಕೂಗಿದರೆ ಕೇಳುವುದಿಲ್ಲವಲ್ಲ, ಅದಕ್ಕೆ ಮುಂಗಾಲು ಎತ್ತಿ ಬೀಸುತ್ತದೆ. ಓದಿದಾಗ ನನಗೆ ಚಿಕ್ಕಮಗಳೂರಿನ ಕೊಟ್ಟಿಗೆಹಾರ ನೆನಪಾಯಿತು. ಆ ಊರಿನ ಹೆಸರು ಹೊತ್ತ ನರ್ತಕ ಕಪ್ಪೆ ನಮ್ಮಲ್ಲಿದೆ. ಅದು ಹಿಂಗಾಲು ಚಾಚಿ ಬಾವುಟದಂತೆ ಬೀಸುತ್ತದೆ. ಕಡಲಾಚೆಯ ಎರಡು ಕಪ್ಪೆಗಳು ಒಂದೇ ತೊಂದರೆಗೆ ಹೆಚ್ಚುಕಡಿಮೆ ಒಂದೇ ಉಪಾಯ ಕಂಡುಕೊಂಡಿವೆ. ಒಂದು ಕಾಡಿನಲ್ಲಿ ಮುಗಿದಿದೆ. ಇನ್ನೊಂದು ಕಡು ಅಪಾಯದಲ್ಲಿದ್ದರೂ ಇನ್ನೂ ಹೊಳೆಯಲ್ಲೇ ಇದೆ.

2019ರಲ್ಲಿ ಒಟ್ಟು ನಷ್ಟದ ಲೆಕ್ಕ ಹಾಕಿದಾಗ, ಈ ರೋಗದಿಂದ ಕನಿಷ್ಠ 501 ಉಭಯಚರ ಪ್ರಭೇದಗಳು ಕುಸಿದಿದ್ದವು, ಅವುಗಳಲ್ಲಿ 90 ಅಳಿದಿವೆ ಅಥವಾ ಅಳಿದಿರಬಹುದು ಎಂದು ತೇಲಿತು. ಇಷ್ಟು ಜೀವಪ್ರಭೇದಗಳನ್ನು ಕೆಡವಿದ ಇನ್ನೊಂದು ರೋಗ ಮನುಷ್ಯನಿಗೆ ಗೊತ್ತಿಲ್ಲ.

ಹಾಗಾದರೆ ಅದು ಇಷ್ಟು ದೂರ ಹೋದದ್ದು ಹೇಗೆ? ಈಜುವ ಬೀಜಕಣ ಹೊಳೆ ದಾಟಬಹುದು, ಸಾಗರ ದಾಟಲಾರದು. ದಾಟಿಸಿದವರು ನಾವು. ಒಂದು ಕಾಲದಲ್ಲಿ ಅನುಮಾನ ಹೋದದ್ದು ದಕ್ಷಿಣ ಆಫ್ರಿಕಾದ ಉಗುರುಗಪ್ಪೆಯ ಮೇಲೆ. 1930ರ ದಶಕದಲ್ಲಿ ಹೆಣ್ಣಿನ ಮೂತ್ರವನ್ನು ಈ ಕಪ್ಪೆಗೆ ಚುಚ್ಚಿದರೆ, ಆಕೆ ಬಸುರಿಯಾಗಿದ್ದಲ್ಲಿ ಕಪ್ಪೆ ಒಂದು ದಿನದೊಳಗೆ ಮೊಟ್ಟೆ ಇಡುತ್ತದೆ ಎಂದು ಗೊತ್ತಾಗಿ, ಗರ್ಭಪರೀಕ್ಷೆಗೆಂದೇ ಸಾವಿರಾರು ಕಪ್ಪೆಗಳು ಯುರೋಪು, ಅಮೆರಿಕಗಳಿಗೆ ಹೋದವು. ಆ ಕಪ್ಪೆ ರೋಗ ಹೊರುತ್ತದೆ, ತಾನು ಸಾಯುವುದಿಲ್ಲ. ಆದರೆ 2018ರಲ್ಲಿ ಜಗತ್ತಿನ ಹಲವೆಡೆಯ ಕೈಟ್ರಿಡ್ ತಳಿಗಳ ಜೀನೋಮುಗಳನ್ನು ಹೋಲಿಸಿದಾಗ ಬೇರು ಸಿಕ್ಕಿದ್ದು ಪೂರ್ವ ಏಷ್ಯಾದಲ್ಲಿ, ಕೊರಿಯಾದ ಸುತ್ತ. ಕೊಲೆಗಡುಕ ತಳಿ ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ಅಲ್ಲಿಂದ ಹೊರಟು, ಕಪ್ಪೆಗಳ ವ್ಯಾಪಾರದ ಬೆನ್ನೇರಿ ಹರಡಿತು ಎನ್ನುವುದು ಆ ಅಧ್ಯಯನದ ತೀರ್ಮಾನ. ಸಾಕುವುದಕ್ಕೆ, ತಿನ್ನುವುದಕ್ಕೆ, ಪ್ರಯೋಗಾಲಯಕ್ಕೆ ಎಂದು ಕಪ್ಪೆ ಪ್ರಯಾಣ ಮಾಡಿತು, ಜೊತೆಗೆ ರೋಗವೂ. ಕೂಪಮಂಡೂಕ ಎಂದು ನಾವು ಹೀಯಾಳಿಸುತ್ತೇವಲ್ಲ, ಈ ಕಥೆಯಲ್ಲಿ ಬಾವಿಯೊಳಗೇ ಉಳಿದ ಕಪ್ಪೆಯೇ ಸುರಕ್ಷಿತ.

ಉಳಿಸಲು ಹೋದವರ ಕೈಯಿಂದಲೂ ಹೀಗಾಗಿದೆ. ಸ್ಪೇನಿನ ಮಯೋರ್ಕ ದ್ವೀಪದ ಒಂದು ಅಪರೂಪದ ನೆಲಗಪ್ಪೆಯನ್ನು ಕೇಂದ್ರವೊಂದರಲ್ಲಿ ಸಾಕಿ, ಮರಿ ಮಾಡಿಸಿ ಕಾಡಿಗೆ ಬಿಟ್ಟರು. ಅಲ್ಲಿ ಆಫ್ರಿಕಾದ ಕಪ್ಪೆಗಳೂ ಇದ್ದವು. ಬಿಟ್ಟ ಕಪ್ಪೆಗಳ ಜೊತೆ ಕೈಟ್ರಿಡ್ ಕೂಡ ದ್ವೀಪಕ್ಕೆ ಇಳಿಯಿತು.

ಈಗ ನಮ್ಮ ಮನೆಯ ಸುದ್ದಿ. ಪಶ್ಚಿಮ ಘಟ್ಟದಲ್ಲಿ ಇನ್ನೂರಕ್ಕೂ ಹೆಚ್ಚು ಬಗೆಯ ಉಭಯಚರಗಳಿವೆ, ಬಹುಪಾಲು ಜಗತ್ತಿನ ಬೇರೆಲ್ಲೂ ಇಲ್ಲದವು. ಮೊಟ್ಟೆಗಳಿಗೆ ಮುಂಗಾಲಿನಿಂದ ಕೆಸರು ಮೆತ್ತುವ ಉತ್ತರ ಕನ್ನಡದ ಕುಂಬಾರ ಕಪ್ಪೆಯನ್ನು ಕೆ. ವಿ. ಗುರುರಾಜ ಮತ್ತು ಸಂಗಡಿಗರು ಜಗತ್ತಿಗೆ ಪರಿಚಯಿಸಿದ್ದು 2014ರಲ್ಲಿ. ಮಣಿಪಾಲದ ಜಂಬಿಟ್ಟಿಗೆ ಬಯಲಿನ ಪುಟಾಣಿ ಕಪ್ಪೆಗೆ ಹೆಸರು ಬಂದದ್ದು 2016ರಲ್ಲಿ. ನಾಮಕರಣವೇ ಇನ್ನೂ ಮುಗಿಯದ ಸಂಸಾರ ಇದು. ಮಳೆಗಾಲದ ಮಲೆನಾಡಿನ ತಂಪು ಕೈಟ್ರಿಡ್‌ಗೆ ಹೇಳಿ ಮಾಡಿಸಿದಂತಿದೆ. ಹದಿನೇಳರಿಂದ ಇಪ್ಪತ್ತೈದು ಡಿಗ್ರಿ ಅದಕ್ಕೆ ಹಿತ.

ಅದು ಇಲ್ಲಿಗೆ ಬಂದಿಲ್ಲವೇ ಎಂದರೆ, ಇದೆ. 2011ರಲ್ಲಿ ಪಶ್ಚಿಮ ಘಟ್ಟದಿಂದ ಮೊದಲ ವರದಿ ಬಂತು. 2013ರಲ್ಲಿ ಆಗ ಪುಣೆಯ ಐಸರ್‌ನಲ್ಲಿದ್ದ ನೀಲೇಶ್ ದಹಾನುಕರ್ ಮತ್ತು ಸಂಗಡಿಗರು ಮಹಾರಾಷ್ಟ್ರದ ಭಾಗದ ಸಹ್ಯಾದ್ರಿಯ ಕಪ್ಪೆಗಳಲ್ಲೂ ಅದನ್ನು ಕಂಡರು. ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳು ದೇಶದ ಹಲವು ಕಡೆಯ ಕಪ್ಪೆಗಳ ಚರ್ಮವನ್ನು ಹತ್ತಿಯ ಕಡ್ಡಿಯಿಂದ ಒರೆಸಿ, ಡಿಎನ್‌ಎ ಪರೀಕ್ಷೆ ಮಾಡಿ 2018ರಲ್ಲಿ ಹೇಳಿದ್ದು ಇದು: ಶಿಲೀಂಧ್ರ ಇದೆ, ಸೋಂಕಿನ ಪ್ರಮಾಣ ಕಡಿಮೆ, ಆದರೆ ತಳಿಗಳ ವೈವಿಧ್ಯ ಬಹಳ. ಒಂದೇ ತಳಿ ಹೊಸದಾಗಿ ನುಗ್ಗಿದ್ದರೆ ಇಷ್ಟು ವೈವಿಧ್ಯ ಇರುವುದಿಲ್ಲ. ಅದು ಹಳೆಯ ವಾಸದ ಗುರುತು. ಪನಾಮಾದಲ್ಲಿ ಆದಂಥ ಸಾಮೂಹಿಕ ಸಾವು ನಮ್ಮಲ್ಲಿ ದಾಖಲಾಗಿಲ್ಲ. ಕೊರಿಯಾದ ಕಪ್ಪೆಗಳಂತೆಯೇ ನಮ್ಮವೂ ಈ ಶಿಲೀಂಧ್ರದೊಡನೆ ಬಹುಕಾಲದಿಂದ ಹೇಗೋ ಹೊಂದಿಕೊಂಡು ಬಂದಿರಬೇಕು.

ಇಲ್ಲಿ ನಿಟ್ಟುಸಿರು ಬಿಟ್ಟು ಲೇಖನ ಮುಗಿಸಬಹುದಿತ್ತು. ಆದರೆ ನನಗೆ ಅಳುಕು ಇರುವುದು ಇಲ್ಲಿಯೇ. ನಮ್ಮ ಕಪ್ಪೆಗಳು ಹೊಂದಿಕೊಂಡಿರುವುದು ನಮ್ಮ ತಳಿಗಳೊಡನೆ. ಬೇರೆ ದೇಶದ ತಳಿ ಬಂದರೆ, ಅಥವಾ ಬಂದದ್ದು ಇಲ್ಲಿಯದರ ಜೊತೆ ಕೂಡಿ ಮಿಶ್ರತಳಿ ಹುಟ್ಟಿದರೆ, ಹಳೆಯ ಒಪ್ಪಂದಕ್ಕೆ ಬೆಲೆ ಇರುವುದಿಲ್ಲ. ನೆದರ್‌ಲ್ಯಾಂಡ್ಸಿನಲ್ಲಿ ಆದದ್ದು ಅದೇ. ಏಷ್ಯಾದ ಸಾಲಮ್ಯಾಂಡರುಗಳ ಮೈಮೇಲೆ ಸುಮ್ಮನಿದ್ದ ಕೈಟ್ರಿಡ್‌ನ ಸೋದರ ಶಿಲೀಂಧ್ರವೊಂದು ಸಾಕುಪ್ರಾಣಿ ವ್ಯಾಪಾರದ ಮೂಲಕ ಯುರೋಪಿಗೆ ಹೋಗಿ, 2010ರಿಂದೀಚೆಗೆ ಅಲ್ಲಿಯ ಕಪ್ಪು-ಹಳದಿ ಸಾಲಮ್ಯಾಂಡರುಗಳನ್ನು ಬಹುತೇಕ ಮುಗಿಸಿಬಿಟ್ಟಿತು. ನಮ್ಮ ಮಹಾನಗರಗಳಲ್ಲಿ ವಿದೇಶಿ ಹಲ್ಲಿ, ಹಾವು, ಕಪ್ಪೆ ಸಾಕುವ ಶೋಕಿ ಬೆಳೆಯುತ್ತಿದೆ. ವಿಮಾನ ನಿಲ್ದಾಣಗಳಲ್ಲಿ ಸೂಟ್‌ಕೇಸಿನೊಳಗೆ ತುಂಬಿ ತಂದ ಪ್ರಾಣಿಗಳು ಸಿಕ್ಕಿಬಿದ್ದ ಸುದ್ದಿ ಆಗಾಗ ಪತ್ರಿಕೆಯಲ್ಲಿ ಬರುತ್ತದೆ. ಸಿಕ್ಕಿಬಿದ್ದದ್ದು ಸುದ್ದಿಯಾಗುತ್ತದೆ, ಸಿಗದೇ ಹೋದದ್ದು ಯಾರದೋ ಫ್ಲ್ಯಾಟಿನ ಗಾಜಿನ ತೊಟ್ಟಿ ಸೇರುತ್ತದೆ. ಆ ತೊಟ್ಟಿಯ ನೀರು ಎಲ್ಲಿಗೆ ಹೋಗುತ್ತದೆ?

ಭಯ ಹುಟ್ಟಿಸುವುದು ನನ್ನ ಉದ್ದೇಶವಲ್ಲ. ಇವತ್ತಿನ ಮಟ್ಟಿಗೆ ನಮ್ಮ ಕಪ್ಪೆಗಳ ಮೊದಲ ಶತ್ರು ಶಿಲೀಂಧ್ರವಲ್ಲ, ಗದ್ದೆ ಸೈಟಾಗುವುದು, ಹೊಳೆ ಚರಂಡಿಯಾಗುವುದು ಎಂದೇ ನನ್ನ ಅಭಿಪ್ರಾಯ. ಆದರೆ ಮನೆ ಕಳೆದುಕೊಂಡು ಸೊರಗಿದವರ ಮೇಲೆ ಕಾಯಿಲೆ ಬೇಗ ಎರಗುತ್ತದೆ.

ಕಪ್ಪೆ ಹೋದರೆ ನಮಗೇನು ಎನ್ನುವವರಿಗೆ ಕೋಸ್ಟರಿಕಾ, ಪನಾಮಾಗಳಲ್ಲೇ ಉತ್ತರವಿದೆ. 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಪ್ಪೆಗಳು ಯಾವ ಜಾಗದಲ್ಲಿ ಯಾವಾಗ ಕುಸಿದವು, ಮಲೇರಿಯಾ ಯಾವಾಗ ಏರಿತು ಎಂದು ಅಕ್ಕಪಕ್ಕ ಇಟ್ಟು ನೋಡಿತು. ಕಪ್ಪೆ ಕುಸಿದ ಪ್ರದೇಶಗಳಲ್ಲಿ ಅದರ ಹಿಂದೆಯೇ ಮಲೇರಿಯಾ ಏರಿ, ಕೆಲವು ವರ್ಷ ಹಾಗೆಯೇ ಉಳಿದು, ಆಮೇಲೆ ಇಳಿದಿತ್ತು. ಕಪ್ಪೆ, ಗೊದಮೊಟ್ಟೆಗಳು ಸೊಳ್ಳೆ ಮತ್ತು ಅದರ ಮರಿಗಳನ್ನು ತಿನ್ನುವುದು ನಿಂತರೆ ಏನಾಗುತ್ತದೆ ಎಂದು ಮುಂಬಯಿಯ ಮಳೆಗಾಲ ಕಂಡವರಿಗೆ ಬಿಡಿಸಿ ಹೇಳಬೇಕೇ? ಎಲ್ ಕೊಪೆಯಲ್ಲಿ ಕಪ್ಪೆಗಳ ನಂತರ ಹಾವುಗಳೂ ಕಡಿಮೆಯಾದವು. ಗೊದಮೊಟ್ಟೆಗಳಿಲ್ಲದ ಹೊಳೆಯ ಕಲ್ಲುಗಳ ಮೇಲೆ ಪಾಚಿ ದಪ್ಪಗೆ ಬೆಳೆಯಿತು.

ಮದ್ದು ಇಲ್ಲವೇ? ಪೆಟ್ಟಿಗೆಯೊಳಗಿನ ಕಪ್ಪೆಗೆ ಇದೆ, ನಮ್ಮ ಉಗುರುಸುತ್ತಿನ ಶಿಲೀಂಧ್ರಕ್ಕೆ ಕೊಡುವ ಇಟ್ರಾಕೊನಜೋಲ್ ಸಾಕು. ಕಾಡಿಗೆ ಅದನ್ನು ಹೊಡೆಯುವುದು ಹೇಗೆ? ಮಯೋರ್ಕದಲ್ಲಿ ಹೋಗಲಾಡಿಸಿದ್ದೇ ಒಂದು ಸಾಹಸ. ಹೊಂಡಗಳ ಗೊದಮೊಟ್ಟೆಗಳನ್ನೆಲ್ಲ ಹಿಡಿದು ತಂದು ಮದ್ದಿನ ನೀರಿನಲ್ಲಿಟ್ಟು, ಅತ್ತ ಖಾಲಿ ಹೊಂಡಗಳಿಗೆ ಸೋಂಕುನಾಶಕ ಹಾಕಿ ತೊಳೆದು, ಮತ್ತೆ ತಂದು ಬಿಟ್ಟರು. 2015ರಲ್ಲಿ ಅದು ಗೆದ್ದಿತು. ಆದರೆ ಅದು ದ್ವೀಪ, ಬಂಡೆಯ ಹೊಂಡ, ಒಂದೇ ಜಾತಿಯ ಕಪ್ಪೆ. ಆಗುಂಬೆಯಲ್ಲಿ ಯಾವ ಹೊಂಡ ಬರಿದು ಮಾಡುತ್ತೀರಿ?

ನನಗೆ ಬಹಳ ಹಿಡಿಸಿದ್ದು ಸಿಡ್ನಿಯ ಆಂಥನಿ ವ್ಯಾಡಲ್ ಅವರ ಇಟ್ಟಿಗೆ. ಕೈಟ್ರಿಡ್‌ಗೆ ಸೆಕೆ ಆಗುವುದಿಲ್ಲ. ಹಾಗಾಗಿ ತೂತುಗಳಿರುವ ಇಟ್ಟಿಗೆಗಳಿಗೆ ಕಪ್ಪು ಬಣ್ಣ ಬಳಿದು ಸಣ್ಣ ಹಸಿರುಮನೆಯೊಳಗೆ ಪೇರಿಸಿಟ್ಟರು. ಚಳಿಗಾಲದಲ್ಲಿ ಅಲ್ಲಿಯ ಹಸಿರು-ಬಂಗಾರದ ಕಪ್ಪೆಗಳು ಬೆಚ್ಚಗಿನ ತೂತುಗಳಲ್ಲಿ ತಾವಾಗಿಯೇ ಹೋಗಿ ಕುಳಿತು, ಸೋಂಕು ಕಳೆದುಕೊಂಡವು. ಹೀಗೆ ಒಮ್ಮೆ ಗುಣವಾದವು ಮುಂದೆ ರೋಗವನ್ನು ಚೆನ್ನಾಗಿ ತಡೆದುಕೊಂಡವು. 2024ರಲ್ಲಿ ಇದು ಪ್ರಕಟವಾಯಿತು. ಎಲ್ಲ ಕಪ್ಪೆಗೂ ಇದು ಒಗ್ಗದು, ತಂಪನ್ನೇ ಬಯಸುವ ಹೊಳೆಗಪ್ಪೆಗಳಿಗಂತೂ ಅಲ್ಲ. ಪನಾಮಾದಿಂದಲೂ ಸಣ್ಣ ಸಮಾಧಾನದ ಸುದ್ದಿಯಿದೆ. ಶಿಲೀಂಧ್ರದ ಕಸುವು ಕುಂದಿಲ್ಲ, ಆದರೂ ಕೆಲವು ಜಾತಿಯ ಕಪ್ಪೆಗಳು ಮತ್ತೆ ಹೊಳೆಗಳಲ್ಲಿ ಕಾಣಿಸಿಕೊಳ್ಳುತ್ತಿವೆ. ಬದಲಾದದ್ದು ಕಪ್ಪೆಗಳ ಚರ್ಮ.

ನಮ್ಮ ಪುಣೆಯ ಗುಂಪಿನಲ್ಲಿ ಈಗ ಒಂದು ಪದ್ಧತಿ ಇದೆ. ಒಂದು ಘಟ್ಟದಿಂದ ಬಂದ ಮೇಲೆ ಶೂ, ಕೋಲು, ಗಮ್‌ಬೂಟುಗಳ ಕೆಸರನ್ನು ಬ್ರಶ್ಶಿನಿಂದ ಉಜ್ಜಿ ತೆಗೆದು, ಬ್ಲೀಚ್ ಹಾಕಿದ ನೀರಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿದ ಮೇಲೆಯೇ ಇನ್ನೊಂದು ಘಟ್ಟ. ಒಣಗುವುದು ಕೈಟ್ರಿಡ್‌ಗೆ ಸಾವು. ಫೋಟೊಕ್ಕೆಂದು ಕಪ್ಪೆಯನ್ನು ಕೈಯಲ್ಲಿ ಹಿಡಿಯುವುದಿಲ್ಲ. ಮಳೆಗಾಗಿ ಕಪ್ಪೆ ಮದುವೆ ಮಾಡಿಸುವ ಹಿರಿಯರಲ್ಲೂ ಒಂದು ವಿನಂತಿ: ವಧುವರರನ್ನು ಆಯಾ ಕೆರೆಯಲ್ಲೇ ಹುಡುಕಿ, ಅಲ್ಲಿಗೇ ಬೀಳ್ಕೊಡಿ. ಈ ರಜೆಯಲ್ಲಿ ಊರಿಗೆ ಹೋದ ಮಕ್ಕಳು ಗದ್ದೆಯ ಗೊದಮೊಟ್ಟೆಗಳನ್ನು ಬಿಸ್ಲೇರಿ ಬಾಟಲಿಯಲ್ಲಿ ತುಂಬಿಕೊಂಡು ಬಂದರೆ ಬೈಯಬೇಡಿ, ಅವರು ನೋಡಲಿ. ಆದರೆ ರೈಲು ಹತ್ತುವ ಮೊದಲು ಅವನ್ನು ಹಿಡಿದ ಗದ್ದೆಗೇ ಬಿಡಿಸಿ. ಥಾಣೆಯ ಕೆರೆಗೆ ತಂದು ಸುರಿಯುವುದು ಬೇಡ.